ರಾಣಿ ಅರಿಶಿನ ಅರೆಯದ ಗುಳಿ

ಕುತ್ತಿಗೆ ತಿರುಗುತ್ತಿರಲಿಲ್ಲ. ಯಾರಾದರೂ ಹಿಂದಿನಿಂದ ಕರೆದರೆ, ಎಣ್ಣೆ ಕಾಣದ ಬಾಗಿಲು ತೆರೆದ ಹಾಗೆ ಇಡೀ ಮೈಯೇ ನಿಧಾನವಾಗಿ ತಿರುಗುತ್ತಿತ್ತು; ಹೆಗಲ ಮೇಲಿನ ಟವೆಲ್ಲೂ ಜೊತೆಗೇ ಸುತ್ತು ಹಾಕಿ ಬರುತ್ತಿತ್ತು. ಮಧುಗಿರಿ ಬೆಟ್ಟದ ಕೋಟೆ ತೋರಿಸುತ್ತಿದ್ದ ಅವರನ್ನು ಊರೆಲ್ಲ ಗೈಡ್ ತಾತ ಎನ್ನುತ್ತಿತ್ತು. ಮಿಮಿಕ್ರಿ ಮಾಡುವವನಿಗೆ ಇಂಥ ಕುತ್ತಿಗೆ ಸಿಕ್ಕರೆ ಹಬ್ಬ. ನಾನು ಶಾಲೆಯ ವಾರ್ಷಿಕೋತ್ಸವಗಳಲ್ಲಿ, ಮದುವೆಮನೆಗಳಲ್ಲಿ ಕಂಡವರ ದನಿ ಮಾಡಿ ಬದುಕುವವನು. ನನ್ನ ಸ್ವಂತ ದನಿಯಲ್ಲಿ ಫೋನ್ ಮಾಡಿದರೆ ನಮ್ಮಮ್ಮನೇ ಯಾರು ಅಂತ ಕೇಳುತ್ತಾಳೆ.

ತಾತನಿಗೆ ಒಂದು ಪದ್ಧತಿಯಿತ್ತು. ಎಲ್ಲಿ ನಿಂತರೂ ಮೊದಲು ತಮಗೆ ಗೊತ್ತಿರುವುದನ್ನು, ಅದನ್ನು ತಮಗೆ ಯಾರು ಹೇಳಿದರು ಎನ್ನುವುದನ್ನು ಹೇಳುತ್ತಿದ್ದರು. ಆಮೇಲೆ ಗೊತ್ತಿಲ್ಲದ್ದನ್ನೂ ಅಷ್ಟೇ ಗತ್ತಿನಲ್ಲಿ ಗೊತ್ತಿಲ್ಲ ಎನ್ನುತ್ತಿದ್ದರು. ಈ ಕಣಜದಲ್ಲಿ ಧಾನ್ಯ ತುಂಬುತ್ತಿದ್ದರು, ಹೇಳಿದವರು ಹೈಸ್ಕೂಲಿನ ಇತಿಹಾಸದ ಮೇಷ್ಟ್ರು; ಎಷ್ಟು ದಿನಕ್ಕೆ ಸಾಲುತ್ತಿತ್ತೋ ಗೊತ್ತಿಲ್ಲ. ಸುರಂಗ ಇರಬಹುದು, ನಾನಂತೂ ಕಂಡಿಲ್ಲ ಎನ್ನುತ್ತಿದ್ದರು.

ಬೆಂಗಳೂರಿನ ಟೂರ್‌ನವರೊಬ್ಬರು ಭಾನುವಾರ ಭಾನುವಾರ ತಂಡ ಕರೆತರತೊಡಗಿದ ಮೇಲೆ ತಾತನಿಗೆ ಖಾಯಂ ಕೆಲಸ ಸಿಕ್ಕಿತು. ಟೂರ್‌ನವರು ಮಾರುತ್ತಿದ್ದದ್ದು ಅಪ್ಪಟ ಹಳ್ಳಿ ಅನುಭವ. ಬೆಳಿಗ್ಗೆ ಏಳಕ್ಕೇ ಮುತ್ತುಗದ ಎಲೆಯ ಮೇಲೆ ಮುದ್ದೆ ಬೀಳುತ್ತಿತ್ತು. ಬಡಿಸುವವರು ಮಾತ್ರ ಹೋಟೆಲಿನಲ್ಲಿ ಇಡ್ಲಿ ತಿಂದು ಬಂದಿರುತ್ತಿದ್ದರು. ತಾತನಿಗೂ ಒಂದು ಪೇಟ ಕೊಟ್ಟರು. ಕಟ್ಟಿಕೊಂಡರು. ಆದರೆ ಬಂದವರಿಗೆ ಮೊದಲೇ ಹೇಳಿಬಿಡುತ್ತಿದ್ದರು: "ಇದು ಇವ್ರು ಕೊಟ್ಟಿದ್ದು ಕಣಮ್ಮ. ನಮ್ಮನೇಲಿ ಯಾರೂ ಪೇಟ ಕಟ್ದೋರಲ್ಲ."

ಬೆಟ್ಟದ ಅರ್ಧ ದಾರಿಯಲ್ಲಿ, ಬಂಡೆಯ ಮೇಲೆ ಒರಳಿನಷ್ಟು ದೊಡ್ಡ ಗುಳಿಯೊಂದಿದೆ. ತಾತ ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ಒಂದು ದಿನ ಕೆಲಸವಿಲ್ಲದೆ ಅಲ್ಲಿ ಕೂತಿದ್ದ ನಾನು ಫೋನಿನಲ್ಲಿ ಗುಳಿಯನ್ನಷ್ಟೇ ವಿಡಿಯೊ ಮಾಡುತ್ತಾ, ತಾತನ ದನಿಯಲ್ಲಿ ಕತೆ ಕಟ್ಟಿದೆ. ದಂಡಿಗೆ ಹೋದ ಗಂಡ ಗೆದ್ದು ಬರಲೆಂದು ರಾಣಿ ದಿನಾ ಇಲ್ಲಿ ಅರಿಶಿನ ಅರೆಯುತ್ತಿದ್ದಳು, ಮಳೆ ಬಂದರೆ ಇವತ್ತಿಗೂ ಗುಳಿಯ ನೀರು ಹಳದಿ. ನಡುವೆ ಎರಡು ಸಲ ತಾತನ ಕೆಮ್ಮು. ಕೆಮ್ಮಂತೂ ಬಹಳ ಚೆನ್ನಾಗಿ ಬಂದಿತ್ತು. ನೆಟ್ಟಿಗೆ ಹಾಕಿದ ವಿಡಿಯೊ ಊರೂರು ಸುತ್ತಿತು. ಪಾವಗಡದ ಕಡೆಯವರು ಅದನ್ನು ತೆಲುಗಿನಲ್ಲೂ ಹೇಳತೊಡಗಿದರು.

ಜನ ಆ ಗುಳಿಯನ್ನೇ ಕೇಳಿಕೊಂಡು ಬಂದರು. ಅಂಥ ರಾಣಿ ತನಗೆ ಗೊತ್ತಿಲ್ಲ ಎಂದರು ತಾತ. ನೀವೇ ಹೇಳಿದ್ದೀರಲ್ಲ ಎಂದು ಅವರು ಫೋನ್ ಮುಂದೆ ಹಿಡಿದರು. ತಾತ ತಮ್ಮ ದನಿಯನ್ನು ಕೊನೆಯವರೆಗೂ ಕೇಳಿ, ಇದು ನಾನಲ್ಲ ಎಂದರಂತೆ. ಮುದುಕರಿಗೆ ಮರೆವು ಬಂದಿದೆ ಎಂದು ಟೂರ್‌ನವರಿಗೆ ದೂರು ಹೋಯಿತು. ಎರಡು ಭಾನುವಾರ ಕಳೆಯುವಷ್ಟರಲ್ಲಿ ಅವರನ್ನು ಕೆಲಸದಿಂದ ಬಿಡಿಸಿದರು. ಮಾತುಗಾರನೆಂದು ಆ ಜಾಗಕ್ಕೆ ಕರೆದದ್ದು ನನ್ನನ್ನು.

ತಾತನ ಮನೆಗೆ ಹೋದೆ. ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ತಪ್ಪು ಒಪ್ಪಿಕೊಂಡೆ. ನಗಲಿ ಎಂದು ಅವರದೇ ದನಿಯಲ್ಲಿ ಒಪ್ಪಿಕೊಂಡೆ ಎನ್ನುವುದನ್ನೂ ಹೇಳಬೇಕು. ನನ್ನ ಬುದ್ಧಿ ಅಷ್ಟೇ. ಅವರು ಮೈಯನ್ನೆಲ್ಲ ನನ್ನ ಕಡೆ ತಿರುಗಿಸಿದರು.

"ನನ್ ದನಿ ತಕ್ಕೊಂಡೆ, ತಕ್ಕೊ. ನಾನ್ ಹೇಳ್ದೇ ಇರೋ ಮಾತ್ನ ಯಾಕ್ಲಾ ನನ್ ಬಾಯಾಗೆ ಇಟ್ಟೆ?"

ಹಾಗಾದರೆ ಆ ಗುಳಿ ಏನು ಎಂದು ಕೇಳಿದೆ.

"ಕೊರೆದೋರು ಯಾರೋ ಗೊತ್ತಿಲ್ಲ. ಮೆಟ್ಲು ರಿಪೇರಿ ಕೂಲಿಗೆ ಹೋದಾಗ ನಮ್ಮವ್ವ ಅದ್ರಾಗೆ ಚಟ್ನಿ ಅರೀತಿದ್ಲು. ಅದನ್ನ ನಾನ್ ನೋಡಿವ್ನಿ."

ಇದನ್ನೇ ಜನಕ್ಕೆ ಹೇಳಬಹುದಿತ್ತಲ್ಲ ತಾತ, ಎಂದೆ.

"ಚಟ್ನಿ ಅರೆದಿದ್ ಜಾಗ ನೋಡಕ್ಕೆ ಯಾರ್ಲಾ ಬೆಟ್ಟ ಹತ್ತಾರೆ?"

ಟೂರ್‌ನವರ ಬಳಿ ಹೋಗಿ, ಆ ಕತೆ ನನ್ನದು, ತಾತನನ್ನು ವಾಪಸ್ ಕರೆಯಿರಿ ಎಂದೆ. ಅವರಿಗೆ ಸಿಟ್ಟೇನೂ ಬರಲಿಲ್ಲ. ಯಾರು ಕಟ್ಟಿದರೇನು, ಜನಕ್ಕೆ ಹಿಡಿಸಿದೆ, ಕರಪತ್ರದಲ್ಲೂ ಅಚ್ಚಾಗಿದೆ ಎಂದರು. ವಿಡಿಯೊ ಅಳಿಸಿದೆ, ಅಷ್ಟರಲ್ಲಿ ಅದು ಯಾರ್‍ಯಾರದೋ ಫೋನುಗಳಿಗೆ ಹೋಗಿಯಾಗಿತ್ತು. ತಾತ ಮತ್ತೆ ಬೆಟ್ಟ ಹತ್ತಲಿಲ್ಲ. ಹೋದ ವರ್ಷ ಚಳಿಗಾಲದಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅರಿಶಿನದ ಕತೆಯನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದರು ಎಂದು ಅಲ್ಲಿಯೂ ಒಬ್ಬರು ಹೊಗಳಿದರು.

ಟೂರ್‌ನವರ ಕೆಲಸವನ್ನು ನಾನು ಒಪ್ಪಿಕೊಳ್ಳಲಿಲ್ಲ. ಆದರೂ ಭಾನುವಾರಗಳಲ್ಲಿ ಬೆಟ್ಟ ಹತ್ತುತ್ತೇನೆ. ಕರಪತ್ರ ಹಿಡಿದವರು ಗುಳಿಯ ಸುತ್ತ ನಿಂತಾಗ, ಈ ಕತೆ ಕಟ್ಟಿದವನು ನಾನು, ತಾತ ಇದನ್ನು ಎಂದೂ ಹೇಳಿಲ್ಲ, ಅವರ ತಾಯಿ ಇಲ್ಲಿ ಚಟ್ನಿ ಅರೆಯುತ್ತಿದ್ದರು ಎನ್ನುತ್ತೇನೆ. ನನ್ನ ಕಾರ್ಯಕ್ರಮ ನೋಡಿದವರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ಇದೂ ತಮಾಷೆಯೆಂದು ಅವರು ನಗುತ್ತಾರೆ, ಅವರನ್ನು ನೋಡಿ ಉಳಿದವರೂ ನಗುತ್ತಾರೆ. ನಗು ಮುಗಿಯುವವರೆಗೆ ಕಾಯುತ್ತೇನೆ. ಆಮೇಲೆ ಇನ್ನೊಂದು ಸಲ ಹೇಳುತ್ತೇನೆ.