ಅರ್ನೆಸ್ಟೀನಳ ಕಿಟಕಿ

ಅತ್ತೆಯ ಮಡಿಯಿಂದ ತಪ್ಪಿಸಿಕೊಂಡು ಸಮುದ್ರ ದಾಟಿ ಬಂದೆ ಅಂದುಕೊಂಡಿದ್ದೆ. ಅಮೆರಿಕದ ನ್ಯೂವಾರ್ಕ್ ಊರಿನ ಆ ಹಳೇ ಕಟ್ಟಡದಲ್ಲಿ, ನಮ್ಮ ಕೆಳಗಿನ ಮನೆಯಲ್ಲೇ ಅದು ಕಾದಿತ್ತು. ಅರ್ನೆಸ್ಟೀನ್ ಎಂಬ ಕಪ್ಪು ಹೆಂಗಸು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕಿಟಕಿಯ ಕಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಮಗಳು ಡೆನೀಸ್ ಕಿಟಕಿಯ ಹತ್ತಿರ ಹೋದರೆ ಸಾಕು, "ಕೈ!" ಎಂದು ಕೂಗುತ್ತಿದ್ದಳು. ಆ ಪುಟ್ಟ ಹುಡುಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿತ್ತು. ಇದೇನು ಹುಚ್ಚಪ್ಪ ಎಂದು ನಾನು ನಗುತ್ತಿದ್ದೆ.

ಅದು ೧೯೭೧. ನನ್ನ ಗಂಡ ದ್ವಾರಕಾನಾಥರಿಗೆ ಹ್ಯಾರಿಸನ್ನಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಅರ್ನೆಸ್ಟೀನಳ ಗಂಡ ವಿಯೆಟ್ನಾಂ ಯುದ್ಧಕ್ಕೆ ಹೋದವನು ಬರಲಿಲ್ಲ. ಅವಳು ಲಾಂಡ್ರಿ ಕೆಲಸಕ್ಕೆ ಹೋಗುವಾಗ ಡೆನೀಸಳನ್ನು ನನ್ನ ಹತ್ತಿರ ಬಿಡುತ್ತಿದ್ದಳು. ನನ್ನ ಮಗಳು ನೀತಾಳಿಗೂ ಅದೇ ವಯಸ್ಸು.

ಒಂದು ಮಧ್ಯಾಹ್ನ ನಮ್ಮ ಮನೆಯಲ್ಲೇ ಡೆನೀಸಳಿಗೆ ಫಿಟ್ಸ್ ಬಂತು. ಬಾಯಲ್ಲಿ ಹಳದಿ ಬಣ್ಣದ ಚಕ್ಕೆ. ಗೋಡೆಯ ಹಳೇ ಪೇಂಟಿನಲ್ಲಿ ಸೀಸ ಇರುತ್ತದಂತೆ, ಸಿಹಿಯಾಗಿರುತ್ತದಂತೆ, ಮಕ್ಕಳು ಕಿತ್ತು ತಿನ್ನುತ್ತವಂತೆ. ಆಸ್ಪತ್ರೆಯಲ್ಲಿ ಇಬ್ಬರಿಗೂ ರಕ್ತ ಪರೀಕ್ಷೆ ಮಾಡಿದರು. ನೀತಾಳ ರಕ್ತದಲ್ಲೂ ವಿಷ ಇತ್ತು.

ಡಾಕ್ಟರು ನನ್ನ ಭುಜ ತಟ್ಟಿದರು. "ಹೊಸ ದೇಶ, ನಿಮಗೆ ಹೇಗೆ ಗೊತ್ತಾಗಬೇಕು? ಮನೆ ಮಾಲೀಕನಿಗೆ ನಾನೇ ಫೋನ್ ಮಾಡ್ತೀನಿ." ಅದೇ ಬೆಂಚಿನಲ್ಲಿ ಕೂತಿದ್ದ ಅರ್ನೆಸ್ಟೀನಳ ಕಡೆ ತಿರುಗಿದರು. "ಮಗು ವಿಷ ತಿನ್ನುವಾಗ ನೀನೆಲ್ಲಿ ಹೋಗಿದ್ದೆ?" ಇಂಗ್ಲಿಷಿನಲ್ಲಿ ನೀನು, ನೀವು ಒಂದೇ ಅಂತಾರೆ. ಆವತ್ತು ನನಗೆ ಎರಡೂ ಬೇರೆಬೇರೆಯಾಗಿ ಕೇಳಿಸಿದವು.

"ಮಗು ನನ್ನ ಹತ್ತಿರ ಇತ್ತು! ನೋಡಿಕೊಳ್ತಿದ್ದೋಳು ನಾನು!" ಎಂದು ಕಿರುಚಿದೆ.

"ನಿಮ್ಮದು ಒಳ್ಳೇ ಮನಸ್ಸು" ಎಂದರು ಡಾಕ್ಟರು. ಅವಳನ್ನು ಉಳಿಸಲು ನಾನು ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡರು.

ಮನೆ ನೋಡಲು ಸರ್ಕಾರದ ಹೆಂಗಸೊಬ್ಬಳು ಬರುತ್ತಾಳೆ, ಮನೆ ಸರಿಯಿಲ್ಲದಿದ್ದರೆ ಮಗುವನ್ನು ಬೇರೆಯವರ ಮನೆಗೆ ಒಯ್ಯುತ್ತಾರೆ ಎಂದು ಅರ್ನೆಸ್ಟೀನಳಿಗೆ ಹೇಳಿ ಕಳಿಸಿದರು. ನನ್ನ ಮನೆಗೆ ಯಾರೂ ಬರುವುದಿಲ್ಲವಂತೆ. ಬಂದವನು ಪೇಂಟರ್. ನಮ್ಮ ಮನೆಯ ಹಳೇ ಬಣ್ಣವನ್ನೆಲ್ಲ ಕೆರೆದು, ಹೊಸದು ಬಳಿದು, ಏಣಿ ಹೊತ್ತುಕೊಂಡು ಅರ್ನೆಸ್ಟೀನಳ ಬಾಗಿಲ ಮುಂದೆಯೇ ಹಾದು ಹೋಗಿಬಿಟ್ಟ.

ನನಗೆ ಮೈಯೆಲ್ಲ ಉರಿದುಹೋಯಿತು. ಗಂಡನಿಗೆ ಹೇಳಿದೆ, "ರೀ, ಅವಳು ಮೇಲೆ ಬರ್ಲಿ. ನಾವು ಕೆಳಗೆ ಹೋಗೋಣ."

"ತಲೆ ಕೆಟ್ಟಿದೆಯೇನೆ ಪದ್ಮಾ? ನೀತಾ ಗತಿ?"

"ಅವಳ ಬೆನ್ನು ಬಿಡದೆ ನಾನು ಕಾಯ್ತೀನಿ. ನಮ್ಮ ಮಗೂನ ಯಾರೂ ಎತ್ಕೊಂಡು ಹೋಗಲ್ವಲ್ಲ!"

ದ್ವಾರಕಾನಾಥರು ತೊಡೆಯ ಮೇಲಿದ್ದ ನೀತಾಳನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಎದ್ದು ಮಂಚದ ಒಂದು ತುದಿ ಹಿಡಿದರು. ನಮ್ಮ ದೇವರ ಪಟಗಳು ಕೆಳಗೆ ಹೋದವು. ಅವಳ ಬೈಬಲ್, ಗಂಡನ ಮಿಲಿಟರಿ ಫೋಟೋ ಮೇಲೆ ಬಂದವು.

ಸರ್ಕಾರದ ಹೆಂಗಸು ಬಂದ ದಿನ ನಾನು ಮೇಲಿನ ಮನೆಯಲ್ಲೇ ಇದ್ದೆ. ಆಕೆ ಹೊಸ ಬಣ್ಣದ ಕಿಟಕಿಯ ಮೇಲೆ ಬೆರಳಾಡಿಸಿ ನೋಡಿದಳು. "ಮನಸ್ಸು ಮಾಡಿದರೆ ನಿಮ್ಮ ಜನಕ್ಕೂ ಮನೆ ಚೆನ್ನಾಗಿಟ್ಟುಕೊಳ್ಳೋಕೆ ಬರುತ್ತೆ, ಅಲ್ವಾ?"

"ಯೆಸ್ ಮ್ಯಾಮ್" ಎಂದಳು ಅರ್ನೆಸ್ಟೀನ್. ಡೆನೀಸ್ ಅವಳ ಹತ್ತಿರವೇ ಉಳಿದಳು.

ಕಥೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅದೇ ವಾರ ಕೆಳಗಿನ ಮನೆಯ ಬಾಗಿಲು ಬಡಿದ ಸದ್ದು. ತೆಗೆದರೆ ಅದೇ ಪೇಂಟರ್, ಅದೇ ಏಣಿ. ಯಾರೂ ಕರೆದಿರಲಿಲ್ಲ. ನಾವು ಕೆಳಗಿದ್ದೇವೆಂದು ಮಾಲೀಕನಿಗೆ ಗೊತ್ತಾಗಿತ್ತು, ಅಷ್ಟೇ.

ಅರ್ನೆಸ್ಟೀನ್ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತು, ತನ್ನ ಹಳೇ ಕಿಟಕಿಯನ್ನು ಅವನು ಕೆರೆಯುವುದನ್ನು ನೋಡಿದಳು.

"ಡೆನೀಸ್ ಹೊಟ್ಟೆಯಲ್ಲಿದ್ದಾಗಿನಿಂದ ಮಾಲೀಕನನ್ನ ಇದನ್ನೇ ಕೇಳ್ತಿದ್ದೆ" ಎಂದಳು.

ಪಕ್ಕದಲ್ಲಿ ಡೆನೀಸ್ ಕಿಟಕಿ ನೋಡುತ್ತಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.