ಜೇವರ್ಗಿಯ ಜೊತೆಗಾತಿ

ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದರೂ ನಾನು ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗಿದವಳಲ್ಲ. ಆಳಂದದ ಶಾಲೆಯಲ್ಲಿ ಪಾಠ, ಮನೆಯಲ್ಲಿ ಅಡುಗೆ, ನಡುವೆ ಮರೆತೇ ಹೋಗುತ್ತಿತ್ತು. ಅದನ್ನು ಕಂಡು ನಮ್ಮ ಡಾಕ್ಟರು ನನ್ನ ಮೊಬೈಲಿಗೆ ಒಂದು ಆಟ ಹಾಕಿಸಿದರು.

ಇಬ್ಬರು ರೋಗಿಗಳಿಗೆ ಕೂಡಿ ಒಂದು ತೊಗರಿ ಹೊಲ. ಇಬ್ಬರೂ ಗುಳಿಗೆ ತೆಗೆದುಕೊಂಡು, ನಡೆದಾಡಿ ಬಂದರೆ ಬೆಳೆ ಏಳುತ್ತದೆ. ಒಬ್ಬರು ತಪ್ಪಿಸಿದರೂ ಬಾಡುತ್ತದೆ. ನನಗೆ ಸಿಕ್ಕ ಜೊತೆಗಾತಿ ಜೇವರ್ಗಿಯ ಹೆಂಗಸು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳ ಸಂದೇಶ ಬಂದಿರುತ್ತಿತ್ತು: "ಅಕ್ಕಾ, ಗುಳಿಗಿ ತಗೊಂಡ್ರಿ? ನಾ ನಡ್ಯಾಕ ಹೊಂಟೇನಿ."

ನನ್ನಿಂದ ಅವಳ ಬೆಳೆಯೂ ಒಣಗಬಾರದೆಂದೇ ನಾನು ಸುಡುಬಿಸಿಲು ಏರುವ ಮೊದಲು ನಡೆಯುವುದನ್ನು ಕಲಿತೆ. ಕ್ರಮೇಣ ಮಾತು ಹೊಲ ದಾಟಿತು. ಇದೇ ಕಾಯಿಲೆಯಿಂದ ನಮ್ಮವ್ವನ ಪಾದ ಕತ್ತರಿಸಿದ್ದರು. ಸ್ನಾನಕ್ಕೆ ಕೂತಾಗಲೆಲ್ಲ ನನ್ನ ಕಾಲ್ಬೆರಳ ಸಂದಿಗಳಲ್ಲಿ ಗಾಯ ಹುಡುಕುತ್ತೇನೆಂದು ಗಂಡನಿಗೂ ಹೇಳಿರಲಿಲ್ಲ, ಅವಳಿಗೆ ಬರೆದೆ. "ನಾನೂ ಹಂಗ ನೋಡ್ತೇನ್ರಿ ಅಕ್ಕಾ. ಅಂಜಬ್ಯಾಡ್ರಿ" ಎಂದು ಉತ್ತರ ಬಂತು. ಆ ದಿನ ಪಾಠ ಮಾಡುವಾಗಲೂ ಮನಸ್ಸು ಹಗುರಾಗಿತ್ತು.

ಆಟ ತಯಾರಿಸಿದ ಸಂಸ್ಥೆಯವರು ಆಳಂದಕ್ಕೆ ಬಂದು, ಚೆನ್ನಾಗಿ ಆಡಿದವರನ್ನೆಲ್ಲ ದವಾಖಾನೆಯ ಮೇಲಿನ ಸಭಾಂಗಣಕ್ಕೆ ಕರೆದರು. ನೀನೂ ಬರುತ್ತೀಯಾ ಎಂದು ಜೊತೆಗಾತಿಯನ್ನು ಕೇಳಿದೆ. "ಬಸ್ ಸಿಕ್ರ ಬರ್ತೇನ್ರಿ" ಎಂದಳು. ತನ್ನ ಕೈಯ ಶೇಂಗಾ ಹಿಂಡಿ, ಆ ಚಟ್ನಿಪುಡಿ, ಎಂದೂ ಹದಕ್ಕೆ ಬರುವುದಿಲ್ಲ ಎಂದು ಒಮ್ಮೆ ಬರೆದಿದ್ದಳು, ಅದಕ್ಕೇ ಒಂದು ಡಬ್ಬಿ ಕುಟ್ಟಿ ತೆಗೆದುಕೊಂಡು ಹೋದೆ. ಬಾಗಿಲಲ್ಲಿ ಬಂದ ಪ್ರತಿ ಹೆಂಗಸಿನ ಮುಖ ನೋಡಿದೆ.

ಸಂಸ್ಥೆಯ ತರುಣ ಪರದೆಯ ಮೇಲೆ ಆಟ ತೋರಿಸುತ್ತ ಹೆಮ್ಮೆಯಿಂದ ಹೇಳಿದ: "ಎಲ್ಲಾರಿಗೂ ಜೋಡಿ ಸಿಗಲಿಲ್ರಿ. ಸಿಗದವ್ರಿಗೆ ನಮ್ಮ ಆಫೀಸಿನವ್ರೇ ಪಾಳಿ ಮ್ಯಾಲ ಜೋಡಿ ಆಗಿ ಮೆಸೇಜ್ ಬರದ್ರು. ಆಡೋರಿಗೆ ಗೊತ್ತೇ ಆಗಲಿಲ್ಲ."

ನಾನು ಎದ್ದು ನಿಂತೆ. "ಜೇವರ್ಗಿ ಹೆಣ್ಮಗಳು?"

ಅವನು ಲ್ಯಾಪ್‌ಟಾಪು ನೋಡಿದ. "ಅದೂ ನಮ್ಮವ್ರೇ ರೀ ಮೇಡಂ. ಹಂಗಂತ ಯಾರೂ ಇಲ್ಲ."

"ನಮ್ಮವ್ವನ ಕಾಲಿನ ಸುದ್ದಿ ಬರದಿದ್ನಿ. ಅದನ್ನ ಯಾರು ಓದಿದ್ರು?"

"ಡ್ಯೂಟಿ ಮ್ಯಾಲ ಇದ್ದವ್ರು ಓದಿರ್ತಾರ್ರಿ. ನಿಮ್ಮ ಶುಗರ್ ಇಳದದಲ್ರಿ ಮೇಡಂ?"

ಇಳಿದಿತ್ತು. ಡಾಕ್ಟರ ಕಡೆ ತಿರುಗಿದೆ. "ನಿಮಗ ಗೊತ್ತಿತ್ತೇನ್ರಿ ಸಾಹೇಬ್ರ?"

"ನಿಮ್ಮ ಛಲೋದಕ್ಕ ಅಂತ ಸುಮ್ಮನಿದ್ನಿ" ಎಂದು ಅವರು ನೆಲ ನೋಡಿದರು. ಇಷ್ಟು ವರ್ಷ ತಪಾಸಣೆಗೆಂದು ನನ್ನ ಕಾಲುಗಳನ್ನು ಇವರ ಮುಂದೆ ಚಾಚಿ ಕೂತಿದ್ದೆ. ಬಸ್ ಸಿಕ್ಕರೆ ಬರುತ್ತೇನೆ ಎಂದು ಬರೆದವರು ಯಾರೋ ತಿಳಿಯಲಿಲ್ಲ. ಆ ಸಭಾಂಗಣದಲ್ಲೇ ಕೂತಿದ್ದರೇನೋ. ಡಬ್ಬಿ ಎತ್ತಿಕೊಂಡು ಮನೆಗೆ ಬಂದು ಆಟ ಅಳಿಸಿಹಾಕಿದೆ. ಗಂಡನಿಗೆ ಹೇಳಿದರೆ, "ಆಟ ಅಂದ ಮ್ಯಾಲ ಆಟ ಇರ್ತದ ಬಿಡು" ಎಂದರು. ಆಟದಲ್ಲಿ ನಾನು ಏನು ಬರೆದಿದ್ದೆನೆಂದು ಅವರಿಗೆ ಗೊತ್ತಿರಲಿಲ್ಲ. ಆಗಲೂ ಹೇಳಲಿಲ್ಲ.

ಗುಳಿಗೆ ಬಿಡಲಿಲ್ಲ. ನಡೆಯುವುದು ನಿಂತಿತು. ಸಕ್ಕರೆ ಮತ್ತೆ ಏರಿದಾಗ ಡಾಕ್ಟರು, ಈ ಸಲ ನಿಜವಾದ ಜೊತೆಗಾತಿಯನ್ನೇ ಕೊಡಿಸುತ್ತೇನೆ ಎಂದು ನನ್ನ ಒಪ್ಪಿಗೆ ಕೇಳಿ ನನ್ನ ನಂಬರು ಒಬ್ಬರಿಗೆ ಕೊಟ್ಟರು. ಒಂದು ಬೆಳಿಗ್ಗೆ ಫೋನು ಬಂತು.

"ಅಕ್ಕಾರ, ಅಫಜಲಪುರದಿಂದ ಮಾತಾಡಾಕತ್ತೇನ್ರಿ. ನನಗೂ ಶುಗರ್ ಅದ. ನಡ್ಯಾಕ ಹೋಗಿದ್ರೇನು?"

ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು, ಯಾವುದೋ ಮಗು ಅಳುತ್ತಿತ್ತು. ನಿಜವಾದ ಹೆಂಗಸೇ. ಆದರೂ ಅವಳಿಗೆ ಹೇಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

"ಹೋಗಿದ್ನ್ರಿ" ಎಂದು ಸುಳ್ಳು ಹೇಳಿ ಫೋನು ಇಟ್ಟೆ.