ಇಲ್ಲದ ಮೂರನೆಯ ಡಿಸ್ಕಿಗಾಗಿ ಕಾದದ್ದು

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಎರಡು ಸಾವಿರದ ಇಸವಿಯ ಈಚೆಗೆ ನಾನು ತಿ. ನರಸೀಪುರದ ಖಾಸಗಿ ಹಾಲು ಶೀತಲೀಕರಣ ಕೇಂದ್ರವೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆನು. ಅರ್ಜಿಗಳ ಹೊರತು ಬೇರೇನನ್ನೂ ಬರೆದವನಲ್ಲವಾದ್ದರಿಂದ ತಪ್ಪಿದ್ದಲ್ಲಿ ಮನ್ನಿಸಬೇಕಾಗಿ ಕೋರಿಕೆ.

ಸದರಿ ಕಂಪ್ಯೂಟರು ಲಿನಕ್ಸ್ ಎಂಬ ತಂತ್ರಾಂಶದಲ್ಲಿ ನಡೆಯುತ್ತಿತ್ತು. ಒಂದು ಡಿಸ್ಕು ಕೆಟ್ಟರೂ ದಾಖಲೆ ಉಳಿಯಲೆಂದು ಅದರಲ್ಲಿ ನಾಲ್ಕು ಡಿಸ್ಕುಗಳಿದ್ದವು. ಮೂರನೆಯದು ಕೆಟ್ಟಾಗ ಅದನ್ನು ಬಿಚ್ಚಿ ನಂಜನಗೂಡಿನ ಮುಖ್ಯ ಕಚೇರಿಗೆ ಕಳುಹಿಸಲಾಯಿತು. ಆದರೆ ಯಂತ್ರ ಶುರುವಾಗುವಾಗ ಓದುವ ಪಟ್ಟಿಯಲ್ಲಿ ಅದರ ಹೆಸರು ಹಾಗೆಯೇ ಇತ್ತು. ಪ್ರತಿ ಸಲವೂ ಯಂತ್ರವು ಅದಕ್ಕಾಗಿ ಐದಾರು ನಿಮಿಷ ಕಾದು, ಸಿಗಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಮುಂದುವರಿಯುತ್ತಿತ್ತು. ಹೆಸರು ತೆಗೆಯುವುದು ನನಗೆ ತಿಳಿದಿತ್ತು. ಲಿಖಿತ ಅನುಮತಿ ಕೋರಿ ಮುಖ್ಯ ಕಚೇರಿಗೆ ಪತ್ರ ಬರೆದಿದ್ದೆನು, ನೆನಪೋಲೆಯನ್ನೂ ಕಳುಹಿಸಿದ್ದೆನು. ಉತ್ತರ ಬಂದಿರಲಿಲ್ಲ.

ಒಂದು ಬೇಸಿಗೆಯ ಬೆಳಗ್ಗೆ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಯುಪಿಎಸ್ ಬ್ಯಾಟರಿ ಸತ್ತಿತ್ತು. ಯಂತ್ರ ಮೂರನೆಯದಕ್ಕೆ ಕಾಯುತ್ತಿರುವಾಗಲೇ ಕರೆಂಟು ಹೋಗುವುದು, ಬಂದ ಮೇಲೆ ಮತ್ತೆ ಮೊದಲಿನಿಂದ. ಯಂತ್ರದಲ್ಲಿ ನಮೂದಾಗದ ಹಾಲನ್ನು ಟ್ಯಾಂಕಿಗೆ ಸುರಿಯುವಂತಿರಲಿಲ್ಲ. ನಾನು ಕುಳಿತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಮೂಗೂರಿನಿಂದ ಬಸ್ಸಿನಲ್ಲಿ ಬಂದಿದ್ದ ಹೆಂಗಸೊಬ್ಬರು ಕ್ಯಾನಿಗೆ ಒದ್ದೆ ಗೋಣಿ ಸುತ್ತಿ ಎಲ್ಲರಿಗಿಂತ ಮುಂದೆ ನಿಂತಿದ್ದರು.

"ಇನ್ನೆಷ್ಟೊತ್ತು ಸಾ? ಹಾಲು ಕೆಟ್ಟೋಯ್ತದೆ."

"ಡಿಸ್ಕು ಹುಡುಕ್ತಾ ಅದೆ ಕಣವ್ವ. ಮೂರನೇದು ಸಿಕ್ತಿಲ್ಲ."

"ಎಲ್ಲೋಯ್ತು ಅದು?"

"ನಂಜನಗೂಡಿಗೆ. ಪಟ್ಟೀಲಿ ಹೆಸ್ರು ಮಾತ್ರ ಹಂಗೇ ಅದೆ."

"ಊರಲ್ಲೇ ಇಲ್ದಿರೋದ್ನ ಇಲ್ಲಿ ಉಡುಕ್ತಾ ಕೂತಿದೀರಲ್ಲ ಸಾ! ಎಸ್ರು ತೆಗ್ದಾಕಿ ಅತ್ಲಾಗೆ."

"ಅದಕ್ಕೆ ಆರ್ಡರ್ ಬರ್ಬೇಕವ್ವ."

"ಅಂಗಾದ್ರೆ ಹಾಲ್ಗೂ ಒಂದು ಆರ್ಡರ್ ಕೊಟ್ಬುಡಿ, ಒಡೀಬ್ಯಾಡ ಅಂತ."

ಹಿಂದಿದ್ದವರೆಲ್ಲ ನಕ್ಕರು. ಯಂತ್ರ ಕೊನೆಗೂ ಸಿದ್ಧವಾದಾಗ ಒಂಬತ್ತೂವರೆ. ಪರೀಕ್ಷೆಗೆಂದು ಆ ಹೆಂಗಸಿನ ಹಾಲನ್ನು ಸ್ವಲ್ಪ ಕಾಯಿಸಲಾಯಿತು, ಒಡೆಯಿತು. ಆಗ ಯಾರೂ ನಗಲಿಲ್ಲ. ಅವರು ಕ್ಯಾನಿನ ಮುಚ್ಚಳ ಹಾಕಿ, ನನ್ನ ಕಡೆ ನೋಡದೆ ಬಸ್‌ಸ್ಟ್ಯಾಂಡಿಗೆ ಹೊರಟರು.

ಅಂದೇ ಮಧ್ಯಾಹ್ನ ಸದರಿ ಪಟ್ಟಿಯನ್ನು ಕಾಗದದ ಮೇಲೆ ಯಥಾವತ್ ನಕಲು ಮಾಡಿ, ಸಹಿ ಹಾಕಿ, ಯಂತ್ರದೊಳಗಿನ ಪಟ್ಟಿಯಿಂದ ಮೂರನೆಯ ಹೆಸರನ್ನು ತೆಗೆದೆನು. ತಪ್ಪಿದರೆ ಯಂತ್ರ ಏಳುವುದೇ ಇಲ್ಲವೆಂಬ ಭಯಕ್ಕೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಬೆಳಗ್ಗೆಯೂ ಕರೆಂಟು ಹೋಯಿತು. ಬಂದ ಮೇಲೆ ಒಂದು ನಿಮಿಷದೊಳಗೆ ಯಂತ್ರ ಸಿದ್ಧವಾಯಿತು. ಆ ಹೆಂಗಸು ಆಗಷ್ಟೇ ಕ್ಯಾನು ಇಳಿಸುತ್ತಿದ್ದರು.

"ಇವತ್ತು ಯಾರ್ನೂ ಕಾಯ್ಲಿಲ್ವಾ ಸಾ?"

"ಇಲ್ಲ ಕಣವ್ವ."

ಅವರ ಹಾಲನ್ನು ನಮೂದಿಸಿದೆನು. ಹಾಲು ಟ್ಯಾಂಕಿಗೆ ಬೀಳುವ ಸದ್ದು ಕೇಳುತ್ತಿರುವಾಗಲೇ, ಮುಖ್ಯ ಕಚೇರಿಗೆ ಬರೆದಿಟ್ಟಿದ್ದ ಎರಡನೆಯ ನೆನಪೋಲೆಯನ್ನು ತೆಗೆದು, ವಿಷಯದ ಮುಂದಿದ್ದ 'ಅನುಮತಿ ಕೋರಿ' ಎಂಬುದನ್ನು ಹೊಡೆದು, 'ಕ್ರಮ ಕೈಗೊಂಡ ಬಗ್ಗೆ' ಎಂದು ತಿದ್ದಿದೆನು.